ಸ್ಟಿಯರಿಂಗ್ ಹಗುರಾದ ಕಥೆ

ಕಬ್ಬು ಅರೆಯುವ ದಿನಗಳಲ್ಲಿ ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಗಾಡಿ ತಿರುಗಿಸುವ ವಿದ್ಯೆಯ ಮೂರು ಕಾಲಗಳನ್ನು ಒಟ್ಟಿಗೇ ನೋಡಬಹುದು. ಎತ್ತಿನ ಗಾಡಿಯವನು ಹಗ್ಗ ಜಗ್ಗಿದ ಕಡೆಗೆ ಎತ್ತು ಹೊರಳುತ್ತದೆ. ಎತ್ತಿನ ಹಿಂದೆ ನೊಗ, ನೊಗದ ಹಿಂದೆ ಗಾಡಿ. ಟ್ರ್ಯಾಕ್ಟರಿನ ಹಿಂದೆ ಕಬ್ಬು ತುಂಬಿಕೊಂಡು ಬರುವ ನಾಲ್ಕು ಚಕ್ರದ ಟ್ರೇಲರಿನಲ್ಲಿ ಮುಂದಿನ ಅಚ್ಚು ಇಡಿಯಾಗಿ ಒಂದು ಉಕ್ಕಿನ ಬಳೆಯ ಮೇಲೆ ಹೊರಳುತ್ತದೆ. ಇವೆರಡನ್ನೂ ದಾಟಿ ಮುಂದೆ ಹೋಗುವ ಸಣ್ಣ ಕಾರಿನ ಚಾಲಕ ಸ್ಟಿಯರಿಂಗ್ ಚಕ್ರದ ಮೇಲೆ ಅಂಗೈ ಇಟ್ಟು ಸವರಿದಂತೆ ಮಾಡುತ್ತಾನೆ, ಅಷ್ಟೆ. ಕಾರು ಹೂವು ಎತ್ತಿದಷ್ಟು ಹಗುರವಾಗಿ ತಿರುಗಿಬಿಡುತ್ತದೆ.

ಈ ಮೂರನೆಯ ಸುಖ ನಮ್ಮ ಸಣ್ಣ ಕಾರುಗಳಿಗೆ ಬಂದು ಕಾಲು ಶತಮಾನವಷ್ಟೇ ಆಗಿದೆ. ಸ್ಟಿಯರಿಂಗ್ ಕಂಬದ ಪಕ್ಕದಲ್ಲಿ ಕುಳಿತ ಒಂದು ಪುಟ್ಟ ವಿದ್ಯುತ್ ಮೋಟರು ನಮ್ಮ ತೋಳಿನ ಕೆಲಸದ ಬಹುಪಾಲನ್ನು ಮಾಡುತ್ತಿದೆ. ಇದರಿಂದ ಆದ ಉಪಕಾರ ದೊಡ್ಡದು. ಆದರೆ ಹಳೆಯ ಚಾಲಕರು ಹೊಸ ಕಾರು ಓಡಿಸಿದಾಗಲೆಲ್ಲ ಒಂದು ದೂರು ಹೇಳುತ್ತಾರೆ: ‘ಹಗುರವೇನೋ ಇದೆ, ಆದರೆ ಕೈಗೆ ಏನೂ ಗೊತ್ತಾಗುವುದಿಲ್ಲ.’ ಇದನ್ನು ಹಳಬರ ಹಟವೆಂದು ತಳ್ಳಿಹಾಕುವಂತಿಲ್ಲ. ಸ್ಟಿಯರಿಂಗ್ ಎಂಬುದು ಚಕ್ರಕ್ಕೆ ಆಜ್ಞೆ ಕೊಡುವ ಸಾಧನ ಮಾತ್ರವಲ್ಲ; ಚಕ್ರದಿಂದ ಸುದ್ದಿ ತರುವ ಸಾಧನವೂ ಹೌದು. ಹೋಗುವ ಆಜ್ಞೆಗೆ ನೆರವು ಸಿಕ್ಕಿದಾಗ ಬರುವ ಸುದ್ದಿಗೆ ಏನಾಯಿತು ಎಂಬುದೇ ಈ ಕಥೆಯ ತಿರುಳು. ಮೋಟರು ಕೆಟ್ಟಾಗ ಏನು ಮಾಡಬೇಕೆಂಬುದೂ ಇದರೊಳಗೇ ಅಡಗಿದೆ.

ತೇರು ಏಕೆ ತಿರುಗುವುದಿಲ್ಲ?

ಎರಡು ಚಕ್ರದ ಗಾಡಿಗೆ ಸ್ಟಿಯರಿಂಗ್ ಎಂಬ ತೊಡಕೇ ಇಲ್ಲ. ಒಂದು ಚಕ್ರ ನಿಧಾನಿಸಿದರೆ ಇನ್ನೊಂದು ಮುಂದೆ ಹೋಗುತ್ತದೆ, ಗಾಡಿ ತಿರುಗುತ್ತದೆ. ತೊಡಕು ಶುರುವಾಗುವುದು ನಾಲ್ಕನೆಯ ಚಕ್ರದಿಂದ. ಇದಕ್ಕೆ ನಮ್ಮ ದೇವಸ್ಥಾನದ ತೇರುಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 13ನೆಯ ಶತಮಾನದಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿರುವ ಹರಿಹರದಲ್ಲಾಗಲಿ, ನಾಡಿನ ಬೇರೆ ಯಾವುದೇ ಕ್ಷೇತ್ರದಲ್ಲಾಗಲಿ, ದೊಡ್ಡ ಮರದ ತೇರಿನ ಎರಡು ಅಚ್ಚುಗಳೂ ಒಡಲಿಗೆ ಬಿಗಿಯಾಗಿ ಕೂಡಿಕೊಂಡಿರುತ್ತವೆ. ಹಗ್ಗ ಹಿಡಿದವರು ಎಷ್ಟೇ ಜನರಿದ್ದರೂ ಅದು ನೇರವಾಗಿ ಮಾತ್ರ ಹೋಗಬಲ್ಲದು. ಬೀದಿಯ ತಿರುವು ಬಂದಾಗ ಚಕ್ರದ ಬುಡಕ್ಕೆ ಮರದ ಬೆಣೆ ಕೊಟ್ಟು ಒಂದು ಪಕ್ಕವನ್ನು ತಡೆಯಬೇಕು, ಸನ್ನೆಕೋಲು ಹಾಕಿ ಇನ್ನೊಂದು ಪಕ್ಕವನ್ನು ಮೀಟಬೇಕು. ಚಕ್ರ ನೆಲವನ್ನು ಉಜ್ಜಿಕೊಂಡೇ ಪಕ್ಕಕ್ಕೆ ಸರಿಯುತ್ತದೆ. ಬೆಣೆ ಕೊಡುವವರ ಕೆಲಸ ತೇರಿನಲ್ಲಿ ಎಲ್ಲಕ್ಕಿಂತ ಅಪಾಯದ್ದು. ಅವರ ಅನುಭವವೇ ತೇರಿನ ಸ್ಟಿಯರಿಂಗ್.

ಇದಕ್ಕೆ ಮೊದಲ ಪರಿಹಾರ ನಮ್ಮ ಕಬ್ಬಿನ ಟ್ರೇಲರಿನದು: ಮುಂದಿನ ಅಚ್ಚನ್ನು ನಡುವಿನ ಒಂದು ಮೊಳೆಯ ಮೇಲೆ ಹೊರಳುವಂತೆ ಮಾಡುವುದು. ಯೂರೋಪಿನ ಕುದುರೆ ಸಾರೋಟುಗಳು ಶತಮಾನಗಳ ಕಾಲ ಓಡಿದ್ದು ಹೀಗೆಯೇ. ಎಳೆದುಕೊಂಡು ಹೋಗುವ ಗಾಡಿಗೆ ಇದು ಸಾಕು. ಆದರೆ ಅಚ್ಚು ಪೂರ್ತಿ ಹೊರಳಿದಾಗ ಗಾಡಿ ನಿಂತ ನೆಲೆ ಚಿಕ್ಕದಾಗಿ, ಭಾರ ಒಂದು ಕಡೆ ವಾಲಿ, ಮಗುಚುವ ಭಯವಿರುತ್ತದೆ. ಮ್ಯೂನಿಕ್‌ನ ಗಾಡಿ ಕಟ್ಟುವ ಕುಶಲಿ ಜಾರ್ಜ್ ಲಾಂಕೆನ್ಸ್‌ಪೆರ್ಗರ್ ಎಂಬಾತ 19ನೆಯ ಶತಮಾನದ ಆರಂಭದಲ್ಲಿ ಇನ್ನೊಂದು ಉಪಾಯ ಕಂಡುಕೊಂಡ. ಅಚ್ಚು ಕದಲದೆ ಹಾಗೆಯೇ ಇರಲಿ. ಅದರ ತುದಿಯಲ್ಲಿ ಎರಡು ಚಕ್ರಗಳೂ ತಮ್ಮ ತಮ್ಮ ಕೀಲಿನ ಮೇಲೆ ತಿರುಗಲಿ. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಸಾಗಬೇಕಾದ್ದರಿಂದ ಒಳಗಿನದು ಸ್ವಲ್ಪ ಹೆಚ್ಚು ತಿರುಗಬೇಕು. ಎರಡನ್ನೂ ಕೂಡಿಸುವ ಕೋಲು ಆ ಲೆಕ್ಕವನ್ನು ತಾನೇ ನೋಡಿಕೊಳ್ಳಲಿ. 1818ರಲ್ಲಿ ಲಂಡನ್ನಿನಲ್ಲಿ ಇದಕ್ಕೆ ಪೇಟೆಂಟ್ ಪಡೆದವನು ಅವನ ಪ್ರತಿನಿಧಿ ರುಡಾಲ್ಫ್ ಆಕರ್ಮನ್. ಹೆಸರು ನಿಂತದ್ದು ಕಂಡುಹಿಡಿದವನದಲ್ಲ, ಅರ್ಜಿ ಹಾಕಿದವನದು. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವುದು ‘ಆಕರ್ಮನ್ ಸ್ಟಿಯರಿಂಗ್’ ಎಂದೇ.

ಈ ಪೇಟೆಂಟ್ ಮೂಲೆ ಸೇರಿ ಏಳು ದಶಕಗಳಾಗುವ ಹೊತ್ತಿಗೆ ಮೋಟರು ಕಾರು ಹುಟ್ಟಿತು. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೊದಲ ಕಾರಿಗೆ ಇದ್ದದ್ದು ಮೂರೇ ಚಕ್ರ. ನಾಲ್ಕು ಚಕ್ರಗಳನ್ನು ಸರಿಯಾಗಿ ತಿರುಗಿಸುವ ಬಗೆ ಅವನಿಗೆ ಒಪ್ಪಿಗೆಯಾಗಿರಲಿಲ್ಲ. 1893ರಲ್ಲಿ ಎರಡು ಕೀಲಿನ ಸ್ಟಿಯರಿಂಗನ್ನು ಅಳವಡಿಸಿದ ನಂತರವೇ ಅವನ ನಾಲ್ಕು ಚಕ್ರದ ಕಾರು ಹೊರಬಂದದ್ದು. ಸ್ಟಿಯರಿಂಗಿನ ತೊಡಕನ್ನು ಒಂದು ಚಕ್ರ ಕಡಿಮೆ ಮಾಡಿ ನಿವಾರಿಸಿಕೊಳ್ಳುವ ಉಪಾಯ ನಮ್ಮ ರಾಜ್ಯಕ್ಕೂ ಹೊಸದಲ್ಲ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ‘ಬಾದಲ್’ ಎಂಬ ಪುಟ್ಟ ಕಾರಿಗೂ ಮುಂದೆ ಒಂದು, ಹಿಂದೆ ಎರಡು ಚಕ್ರ. ಅದೇ ಪರಂಪರೆಯ ಸಿಪಾನಿ ಕಂಪನಿ 1980ರ ದಶಕದಲ್ಲಿ ‘ಡಾಲ್ಫಿನ್’ ಎಂಬ ನಾಲ್ಕು ಚಕ್ರದ ಫೈಬರ್ ಒಡಲಿನ ಕಾರನ್ನೂ ಹೊರತಂದಿತು. ಎರಡೂ ಇಂದು ನೆನಪು ಮಾತ್ರ.

ಲೇತ್ ಯಂತ್ರದ ಪಾಠ

ಆರಂಭದ ಕಾರುಗಳಿಗೆ ಇದ್ದದ್ದು ದೋಣಿಯ ಚುಕ್ಕಾಣಿಯಂಥ ಒಂದು ಹಿಡಿಕೋಲು. ಚಕ್ರ ಕಲ್ಲಿಗೆ ಬಡಿದರೆ ಕೋಲು ನೇರವಾಗಿ ಚಾಲಕನ ಪಕ್ಕೆಗೆ ಬಡಿಯುತ್ತಿತ್ತು. 1894ರ ಪ್ಯಾರಿಸ್–ರೂಆನ್ ಸ್ಪರ್ಧೆಯಲ್ಲಿ ಆಲ್ಫ್ರೆಡ್ ವಾಶೆರೋಂ ಎಂಬಾತ ತನ್ನ ಕಾರಿಗೆ ಕೋಲಿನ ಬದಲು ದುಂಡನೆಯ ಚಕ್ರ ಹಾಕಿಕೊಂಡು ಬಂದ. ಕೆಲವೇ ವರ್ಷಗಳಲ್ಲಿ ಅದು ಎಲ್ಲೆಡೆ ಹರಡಿತು. ದುಂಡು ಚಕ್ರದ ಲಾಭವೇನೆಂದರೆ ಅದನ್ನು ಹಲವು ಸುತ್ತು ತಿರುಗಿಸಬಹುದು. ಹೆಚ್ಚು ಸುತ್ತು, ಕಡಿಮೆ ಬಲ: ಬಾವಿಯ ರಾಟೆಯಿಂದ ಸ್ಕ್ರೂ ಜಾಕಿನವರೆಗೆ ಎಲ್ಲೆಡೆ ನಡೆಯುವ ಲೆಕ್ಕವೇ ಇಲ್ಲಿಯೂ ನಡೆಯಿತು.

ಈ ಲೆಕ್ಕವನ್ನು ಹರಿಹರದ ಹಳೆಯ ಕಾರ್ಮಿಕರಿಗೆ ಯಾರೂ ಹೇಳಿಕೊಡಬೇಕಿಲ್ಲ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆ ಮೂಲೆಯ ವರ್ಕ್‌ಶಾಪುಗಳನ್ನು ಸೇರಿದ್ದವು. ಕಾರ್ಖಾನೆ ಮುಚ್ಚಿದೆ, ಆದರೆ ಅದರಲ್ಲಿ ಪಳಗಿದ ಕೈಗಳ ವಿದ್ಯೆ ಊರಿನಿಂದ ಹೋಗಿಲ್ಲ. ಕಾರಿನ ಸ್ಟಿಯರಿಂಗಿನಲ್ಲಿ ಬಳಕೆಯಾದ ಎರಡು ಮುಖ್ಯ ಬಗೆಗಳೂ ಒಂದು ಲೇತಿನಲ್ಲಿ ಅಕ್ಕಪಕ್ಕದಲ್ಲೇ ಇವೆ. ಉಳಿಯನ್ನು ಹೊತ್ತ ಕ್ಯಾರೇಜನ್ನು ಕೈಚಕ್ರ ತಿರುಗಿಸಿ ಉದ್ದಕ್ಕೆ ಓಡಿಸುವಾಗ ಒಂದು ಸಣ್ಣ ಹಲ್ಲುಚಕ್ರ ಹಲ್ಲಿನ ಪಟ್ಟಿಯ ಮೇಲೆ ಉರುಳುತ್ತದೆ. ಇದು ರ‍್ಯಾಕ್ ಮತ್ತು ಪಿನಿಯನ್. ಉಳಿಯನ್ನು ಅಡ್ಡಕ್ಕೆ ಸರಿಸುವಾಗ ಸ್ಕ್ರೂ ತಿರುಗಿ ನಟ್ಟು ಚಲಿಸುತ್ತದೆ. ಹಳೆಯ ಲಾರಿ, ಟ್ರ್ಯಾಕ್ಟರುಗಳ ಸ್ಟಿಯರಿಂಗ್ ಬಾಕ್ಸುಗಳು ಈ ಸ್ಕ್ರೂವಿನ ವಂಶಕ್ಕೆ ಸೇರಿದವು. ನಮ್ಮ ಅಂಬಾಸಿಡರ್ ಕಾರಿನದು ಮೊದಲಿನ ಬಗೆ; 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರದೂ ಅದೇ.

ಲೇತ್ ಕಲಿಯುವ ಹುಡುಗನಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದು ‘ಪ್ಲೇ’ ನೋಡುವುದು. ಹಿಡಿಕೆ ತಿರುಗಿಸಿದರೂ ಉಳಿ ಇನ್ನೂ ಕದಲದಿರುವ ಆ ಖಾಲಿ ಜಾಗವೇ ಪ್ಲೇ. ಅದು ಎಷ್ಟಿದೆಯೆಂದು ಕೈಗೆ ಗೊತ್ತಿರದವನು ಅಳತೆಯಲ್ಲಿ ತಪ್ಪುತ್ತಾನೆ. ಹಾಗೆಯೇ ಲೋಹ ಗಟ್ಟಿಯಾಗಿದೆಯೋ, ಉಳಿ ಮೊಂಡಾಗಿದೆಯೋ ಎಂಬುದೂ ಹಿಡಿಕೆಯ ಮೂಲಕವೇ ಕೈಗೆ ತಿಳಿಯುತ್ತದೆ. ಕಾರಿನಲ್ಲಿಯೂ ಅಷ್ಟೆ. ಹಳೆಯ ಮೆಕ್ಯಾನಿಕ್ ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ, ಎರಡೂ ಕೈಯಿಂದ ಹಿಡಿದು ಅಲುಗಿಸಿ, ಟೈ ರಾಡ್ ಎಂಡ್ ಸವೆದಿದೆಯೋ ಬಾಲ್ ಜಾಯಿಂಟ್ ಸವೆದಿದೆಯೋ ಹೇಳುತ್ತಿದ್ದ. ಅವನ ಯಂತ್ರ ಅವನ ಅಂಗೈ.

ರಸ್ತೆ ಹೇಳುವ ಸುದ್ದಿ

ಹಾಗಾದರೆ ಸ್ಟಿಯರಿಂಗಿನ ಮೂಲಕ ಬರುವ ಸುದ್ದಿ ಯಾವುದು? ಕಾರಿನ ಮುಂದಿನ ಚಕ್ರಗಳನ್ನು ನಿಲ್ಲಿಸಿರುವ ರೀತಿಯಲ್ಲೇ ಒಂದು ಗುಟ್ಟಿದೆ. ಚಕ್ರ ತಿರುಗುವ ಕೀಲಿನ ಗೆರೆ ನೆಲವನ್ನು ಮುಟ್ಟುವ ಜಾಗ, ಟೈರು ನೆಲವನ್ನು ಹಿಡಿದಿರುವ ಜಾಗಕ್ಕಿಂತ ತುಸು ಮುಂದಿರುತ್ತದೆ. ಸಾಮಾನು ತಳ್ಳುವ ಗಾಡಿಯ ಪುಟ್ಟ ಚಕ್ರಗಳು ತಾವೇ ಹಿಂದಕ್ಕೆ ಹೊರಳಿ ನೇರವಾಗುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಕಾರಣಕ್ಕೆ ತಿರುವು ಮುಗಿದ ಮೇಲೆ ಕಾರಿನ ಸ್ಟಿಯರಿಂಗ್ ತಾನೇ ನಡುವಿಗೆ ಬರುತ್ತದೆ. ತಿರುವಿನಲ್ಲಿ ನಮ್ಮ ಕೈಯನ್ನು ಹಿಂದಕ್ಕೆ ಎಳೆಯುವಂತೆ ತೋರುವ ಬಲ ಇದೇ.

ಈ ಬಲದಲ್ಲಿ ಒಂದು ಮುಖ್ಯವಾದ ಎಚ್ಚರಿಕೆ ಅಡಗಿದೆ. ತಿರುವಿನಲ್ಲಿ ವೇಗ ಹೆಚ್ಚಿದಂತೆ ಈ ಎಳೆತವೂ ಹೆಚ್ಚುತ್ತದೆ. ಆದರೆ ಟೈರಿನ ಹಿಡಿತ ಮುಗಿಯುವುದಕ್ಕೆ ಸ್ವಲ್ಪ ಮೊದಲೇ ಎಳೆತ ಇಳಿಯತೊಡಗುತ್ತದೆ. ಅಂದರೆ ಕಾರು ಜಾರುವುದಕ್ಕೆ ಮುಂಚೆ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಗದ್ದೆಯ ಕೆಸರು ಹೊತ್ತು ತಂದ ಟ್ರ್ಯಾಕ್ಟರುಗಳು ಓಡಾಡಿದ ನಾಲೆಯ ಪಕ್ಕದ ರಸ್ತೆ, ಮೊದಲ ಮಳೆಗೆ ನೆನೆದ ಡಾಂಬರು, ಹೆದ್ದಾರಿಯಲ್ಲಿ ನಿಂತ ನೀರಿನ ತೆಳು ಪದರ, ಇವೆಲ್ಲವನ್ನೂ ಅನುಭವಿ ಚಾಲಕ ಕಣ್ಣಿಗಿಂತ ಮೊದಲು ಕೈಯಿಂದ ಗುರುತಿಸುತ್ತಿದ್ದುದು ಹೀಗೆ. ಟೈರಿನ ಗಾಳಿ ಕಡಿಮೆಯಾದರೆ, ಒಂದು ಚಕ್ರ ವಾಲಿದ್ದರೆ, ಬ್ರೇಕು ಒಂದು ಕಡೆ ಹಿಡಿದರೆ, ಆ ಸುದ್ದಿಯೂ ಅದೇ ದಾರಿಯಲ್ಲಿ ಬರುತ್ತಿತ್ತು. ‘ಸ್ಟಿಯರಿಂಗ್ ಫೀಲ್’ ಎಂದು ಕಾರಿನ ಜಾಹೀರಾತುಗಳು ಹೇಳುವುದು ಶೋಕಿಯ ಮಾತಿನಂತೆ ಕೇಳಿಸುತ್ತದೆ. ನಿಜದಲ್ಲಿ ಅದು ಜೀವ ಉಳಿಸುವ ಮಾಹಿತಿ.

ಬೇಡದ ಸುದ್ದಿಯೂ ಇತ್ತೆನ್ನಿ. ಗುಂಡಿಗೆ ಬಿದ್ದಾಗ ಸ್ಟಿಯರಿಂಗ್ ಕೈ ತಿರುಚುವಂತೆ ಒದೆಯುತ್ತಿತ್ತು. ಜೀಪು, ಟ್ರ್ಯಾಕ್ಟರು ಕಲಿಸುವವರು ಹೆಬ್ಬೆರಳನ್ನು ಚಕ್ರದ ಒಳಗೆ ಸಿಕ್ಕಿಸಬೇಡ ಎಂದು ಎಚ್ಚರಿಸುತ್ತಿದ್ದುದು ಅದಕ್ಕಾಗಿ.

ತೋಳಿಗೆ ಬಂದ ನೆರವು

ಗಾಡಿ ದೊಡ್ಡದಾದಂತೆ ತೋಳಿನ ಶಕ್ತಿ ಸಾಲದಾಯಿತು. ಅಮೆರಿಕದ ಪಿಯರ್ಸ್–ಆರೋ ಕಂಪನಿಯ ಲಾರಿ ವಿಭಾಗದಲ್ಲಿದ್ದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಪವರ್ ಸ್ಟಿಯರಿಂಗನ್ನು ಮಾಡಿ ತೋರಿಸಿದ. ಖರ್ಚಿಗೆ ಹೆದರಿದ ಕಾರು ಕಂಪನಿಗಳು ಅದನ್ನು ಬಹುಕಾಲ ಮುಟ್ಟಲಿಲ್ಲ. ಎರಡನೆಯ ಮಹಾಯುದ್ಧದ ಭಾರಿ ವಾಹನಗಳಲ್ಲಿ ಅದು ತನ್ನ ಬೆಲೆ ತೋರಿಸಿತು. 1951ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನ ಮೂಲಕ ಮಾರುಕಟ್ಟೆಗೆ ಬಂದಿತು.

ಈ ವ್ಯವಸ್ಥೆಯಲ್ಲಿ ಎಂಜಿನ್ನಿನ ಬೆಲ್ಟಿನಿಂದ ಓಡುವ ಪಂಪು ಸದಾ ಎಣ್ಣೆಯನ್ನು ತಳ್ಳುತ್ತಿರುತ್ತದೆ. ಕಾರು ಹೆದ್ದಾರಿಯಲ್ಲಿ ನೇರವಾಗಿ ಹೋಗುತ್ತಿದ್ದರೂ ಪಂಪಿಗೆ ಬಿಡುವಿಲ್ಲ. ಅದರ ಖರ್ಚು ಪೆಟ್ರೋಲಿನಿಂದಲೇ ಬರಬೇಕು. ದೊಡ್ಡ ಎಂಜಿನ್ನಿಗೆ ಇದು ಲೆಕ್ಕಕ್ಕಿಲ್ಲ. ಮಾರುತಿ 800ರಂಥ 796 ಸಿಸಿ ಎಂಜಿನ್ನಿಗೆ ಹೊರೆ. ಆದ್ದರಿಂದಲೇ ಸಣ್ಣ ಕಾರಿನವರು ದಶಕಗಳ ಕಾಲ ತೋಳನ್ನೇ ನಂಬಿಕೊಂಡಿದ್ದರು. ಕಾರು ಹಗುರ, 12 ಇಂಚಿನ ಸಣ್ಣ ಚಕ್ರ, ಕಿರಿದಾದ ಟೈರು, ಹೇಗೋ ನಡೆಯುತ್ತಿತ್ತು. ಮುಂದೆ ಎಂಜಿನ್ ದೊಡ್ಡದಾಯಿತು, ಏರ್ ಕಂಡೀಶನರ್ ಬಂತು, ಟೈರು ಅಗಲವಾಯಿತು. ಮುಂದಿನ ಚಕ್ರಗಳ ಮೇಲೆ ಭಾರ ಏರಿತು. ಅದೇ ಹೊತ್ತಿಗೆ ಊರುಗಳಲ್ಲಿ ಕಾರು ನಿಲ್ಲಿಸುವ ಜಾಗ ಕಿರಿದಾಯಿತು.

ಪರಿಹಾರ ಬಂದದ್ದು ಸಣ್ಣ ಕಾರುಗಳ ತವರಾದ ಜಪಾನಿನಿಂದ. 1988ರಲ್ಲಿ ಸುಜುಕಿ ಕಂಪನಿಯ ಸೆರ್ವೋ ಎಂಬ ಪುಟ್ಟ ಕಾರಿಗೆ ಕೋಯೋ ಸೈಕೋ ಎಂಬ ಬೇರಿಂಗ್ ತಯಾರಕರು ವಿದ್ಯುತ್ ಪವರ್ ಸ್ಟಿಯರಿಂಗ್ ಒದಗಿಸಿದರು. ಹೊಸ ತಂತ್ರಗಳು ಸಾಮಾನ್ಯವಾಗಿ ಐಷಾರಾಮಿ ಕಾರಿನಿಂದ ಬಡವರ ಕಾರಿಗೆ ಇಳಿದು ಬರುತ್ತವೆ. ಇದು ಮಾತ್ರ ಕೆಳಗಿನಿಂದ ಮೇಲಕ್ಕೆ ಹತ್ತಿತು. ಕೋಯೋ ಕಂಪನಿ 2006ರಲ್ಲಿ ಟೊಯೋಡಾ ಕೋಕಿ ಎಂಬ ಯಂತ್ರೋಪಕರಣ ತಯಾರಕರೊಂದಿಗೆ ಕೂಡಿ ಜೆಟೆಕ್ಟ್ ಎಂದಾಯಿತು. ಲೇತ್ ಕುಲದ ಯಂತ್ರಗಳಿಗೂ ಸ್ಟಿಯರಿಂಗಿಗೂ ಇರುವ ನೆಂಟಸ್ತಿಕೆ ಹರಿಹರದ ಕಲ್ಪನೆಯಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ನಮ್ಮಲ್ಲಿ 1999ರ ಕೊನೆಗೆ ಬಂದ ವ್ಯಾಗನ್–ಆರ್, 2000ದಲ್ಲಿ ಬಂದ ಆಲ್ಟೊ ಕಾರುಗಳ ಮೇಲಿನ ದರ್ಜೆಗಳೊಂದಿಗೆ ವಿದ್ಯುತ್ ಸ್ಟಿಯರಿಂಗ್ ಮಧ್ಯಮ ವರ್ಗದ ಮನೆಯಂಗಳಕ್ಕೆ ಕಾಲಿಟ್ಟಿತು. ಕರ್ನಾಟಕದ ಬಿಡದಿಯಲ್ಲಿ 2010ರ ಕೊನೆಯಿಂದ ತಯಾರಾದ ಟೊಯೋಟಾ ಇಟಿಯೋಸ್ ಕಾರಿನಲ್ಲೂ ಇದ್ದದ್ದು ಅದೇ. ಇದರಿಂದ ಆದ ಸಾಮಾಜಿಕ ಬದಲಾವಣೆಯನ್ನು ಮರೆಯಬಾರದು. ಭುಜದ ನೋವಿನವರು, ವಯಸ್ಸಾದವರು, ‘ಕಾರು ಓಡಿಸುವುದು ಗಂಡಸರ ಕೆಲಸ’ ಎಂಬ ಮಾತು ಕೇಳಿ ಹಿಂಜರಿದಿದ್ದ ಹೆಣ್ಣುಮಕ್ಕಳು ಧೈರ್ಯವಾಗಿ ಸ್ಟಿಯರಿಂಗ್ ಹಿಡಿಯಲು ಈ ಪುಟ್ಟ ಮೋಟರೂ ಒಂದು ಕಾರಣ.

ಮೋಟರು ಮಾಡುವ ಕೆಲಸ

ವಿದ್ಯುತ್ ಸ್ಟಿಯರಿಂಗಿನ ಒಳಗನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಸ್ಟಿಯರಿಂಗ್ ಕಂಬದ ನಡುವೆ ಒಂದು ತೆಳುವಾದ ಉಕ್ಕಿನ ಸಲಾಕೆ ಇರುತ್ತದೆ. ನಾವು ಚಕ್ರ ತಿರುಗಿಸಿದಾಗ, ಕೆಳಗಿನ ಟೈರು ತಡೆಯುವುದರಿಂದ ಈ ಸಲಾಕೆ ಕೆಲವೇ ಡಿಗ್ರಿಯಷ್ಟು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು, ಯಾವ ಕಡೆಗೆ ಎಂಬುದನ್ನು ಒಂದು ಸೆನ್ಸರ್ ಅಳೆಯುತ್ತದೆ. ಕಾರಿನ ವೇಗ ಎಷ್ಟೆಂಬ ಸುದ್ದಿ ಇನ್ನೊಂದು ಕಡೆಯಿಂದ ಬರುತ್ತದೆ. ಎರಡನ್ನೂ ನೋಡಿ ಒಂದು ಸಣ್ಣ ಕಂಪ್ಯೂಟರು ಮೋಟರಿಗೆ ಎಷ್ಟು ವಿದ್ಯುತ್ ಕೊಡಬೇಕೆಂದು ತೀರ್ಮಾನಿಸುತ್ತದೆ. ಮೋಟರು ಒಂದು ಹಲ್ಲುಚಕ್ರದ ಮೂಲಕ ಕಂಬವನ್ನು ತಿರುಗಿಸಲು ನೆರವಾಗುತ್ತದೆ. ನಿಂತಲ್ಲೇ ತಿರುಗಿಸುವಾಗ ಹೆಚ್ಚು ನೆರವು. ವೇಗ ಏರಿದಂತೆ ಕಡಿಮೆ. ನೇರ ಹೋಗುವಾಗ ಮೋಟರಿಗೆ ಹೆಚ್ಚಿನ ಕೆಲಸವಿಲ್ಲ, ಆದ್ದರಿಂದ ಪೆಟ್ರೋಲು ಉಳಿಯುತ್ತದೆ.

ಇಲ್ಲಿ ಗಮನಿಸಬೇಕಾದ್ದು ಎರಡು. ಒಂದು, ಸ್ಟಿಯರಿಂಗಿಗೂ ಚಕ್ರಕ್ಕೂ ನಡುವಿನ ಕಬ್ಬಿಣದ ಕೊಂಡಿ ಹಾಗೆಯೇ ಇದೆ. ಮೋಟರು ಸತ್ತರೂ ಕಾರನ್ನು ತಿರುಗಿಸಬಹುದು. ಎರಡು, ರಸ್ತೆಯಿಂದ ಬರುವ ಸುದ್ದಿ ಈಗ ಮೋಟರು, ಹಲ್ಲುಚಕ್ರಗಳನ್ನು ದಾಟಿ ಬರಬೇಕು. ಅವುಗಳ ತಿಕ್ಕಾಟ ಮತ್ತು ಜಡತ್ವದಲ್ಲಿ ಸಣ್ಣ ಸಣ್ಣ ಸೂಚನೆಗಳು ಹೂತುಹೋಗುತ್ತವೆ. ಸ್ಟಿಯರಿಂಗ್ ನಡುವಿಗೆ ಮರಳುವುದಕ್ಕೂ ಎಷ್ಟೋ ಕಾರುಗಳಲ್ಲಿ ಮೋಟರೇ ನೆರವಾಗುತ್ತದೆ. ಹೆದ್ದಾರಿಯಲ್ಲಿ ಸ್ಟಿಯರಿಂಗ್ ‘ಗಟ್ಟಿಯಾದಂತೆ’ ಅನ್ನಿಸುವುದೂ ಬಹುಪಾಲು ಲೆಕ್ಕಾಚಾರದಿಂದ ಬಂದದ್ದು. ರಸ್ತೆ ಹೇಳಿದ್ದಲ್ಲ, ಕಂಪ್ಯೂಟರು ಹೇಳಿದ್ದು. ವರ್ಷ ಕಳೆದಂತೆ ಈ ಲೆಕ್ಕಾಚಾರ ಸುಧಾರಿಸಿದೆ, ಒಳ್ಳೆಯ ಕಾರುಗಳಲ್ಲಿ ರಸ್ತೆಯ ಧ್ವನಿ ಮತ್ತೆ ಕೇಳಿಸುತ್ತದೆ. ಆದರೂ ಅದು ಅನುವಾದವೇ ಹೊರತು ಮೂಲವಲ್ಲ.

ಕೆಡುವುದು ಎಲ್ಲಿ?

ಎಣ್ಣೆಯ ಸ್ಟಿಯರಿಂಗ್ ಕೆಡುವ ಮೊದಲು ಗೋಳಾಡುತ್ತಿತ್ತು. ಪಂಪು ಕೀರಲು ದನಿ ಮಾಡುತ್ತಿತ್ತು, ನೆಲದ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ವಿದ್ಯುತ್ ಸ್ಟಿಯರಿಂಗ್ ಎಷ್ಟೋ ಸಲ ಒಂದು ಹಳದಿ ದೀಪ ಹೊತ್ತಿಸಿ ಸುಮ್ಮನಾಗುತ್ತದೆ. ಅದರ ರೋಗಗಳಲ್ಲಿ ಸಾಮಾನ್ಯವಾದದ್ದು ವಿದ್ಯುತ್ತಿನ ಕೊರತೆ. ಕಾರಿನ ಎರಡು ಹೆಡ್‌ಲೈಟುಗಳೂ ಸೇರಿ ಸುಮಾರು 9 ಆಂಪಿಯರ್ ಎಳೆದರೆ, ಸ್ಟಿಯರಿಂಗ್ ಮೋಟರು ನಿಂತಲ್ಲೇ ತಿರುಗಿಸುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯಬಲ್ಲದು. ಬ್ಯಾಟರಿ ಹಳೆಯದಾಗಿದ್ದರೆ, ಆಲ್ಟರ್ನೇಟರ್ ಸೋತಿದ್ದರೆ, ಅರ್ಥ್ ತಂತಿಯ ತುದಿ ಕಿಲುಬು ಹಿಡಿದಿದ್ದರೆ ಕಂಪ್ಯೂಟರು ನೆರವನ್ನು ನಿಲ್ಲಿಸಿಬಿಡುತ್ತದೆ. ಸಾವಿರಾರು ರೂಪಾಯಿಯ ಸ್ಟಿಯರಿಂಗ್ ಕಂಬ ಬದಲಿಸುವ ಮಾತಿಗೆ ಮುನ್ನ ಬ್ಯಾಟರಿಯ ವೋಲ್ಟೇಜು ನೋಡಿಸುವುದು ಜಾಣತನ. ಎಂಜಿನ್ ನಿಂತಾಗ 12.6ರ ಆಸುಪಾಸು, ಓಡುವಾಗ 14ರ ಆಸುಪಾಸು ಇರಬೇಕು.

ಎರಡನೆಯದು ಸೆನ್ಸರಿನ ರೋಗ. ಯಾರೂ ತಿರುಗಿಸದಿದ್ದಾಗ ಸೊನ್ನೆ ಎನ್ನಬೇಕಾದ ಸೆನ್ಸರ್ ತುಸು ಎಡಕ್ಕೆಂದು ಹೇಳಿದರೆ, ಮೋಟರು ವಿಧೇಯನಾಗಿ ಎಡಕ್ಕೇ ಎಳೆಯುತ್ತದೆ. ಕಂಬ ಬಿಚ್ಚಿ ಜೋಡಿಸಿದ ಮೇಲೆ ಈ ಸೊನ್ನೆಯನ್ನು ಮತ್ತೆ ಕಲಿಸಬೇಕಾಗುತ್ತದೆ; ಅದು ಸ್ಪ್ಯಾನರಿನ ಕೆಲಸವಲ್ಲ, ಸ್ಕ್ಯಾನರಿನದು. ಮೂರನೆಯದು ಕಾವು. ಇಕ್ಕಟ್ಟಾದ ಜಾಗದಲ್ಲಿ ಮತ್ತೆ ಮತ್ತೆ ಕೊನೆಯವರೆಗೂ ತಿರುಗಿಸಿ ಹಿಡಿದರೆ ಮೋಟರು ಬಿಸಿಯಾಗುತ್ತದೆ. ಸುಡದಿರಲೆಂದು ಕಂಪ್ಯೂಟರು ನೆರವನ್ನು ತಗ್ಗಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುವ ಇದು ರೋಗವಲ್ಲ, ರಕ್ಷಣೆ. ನಾಲ್ಕನೆಯದು ಹರಿಹರದ ಲೇತಿನವರಿಗೆ ಗೊತ್ತಿರುವ ಅದೇ ಪ್ಲೇ. ಮೋಟರಿನ ಹಲ್ಲುಚಕ್ರ, ರಬ್ಬರಿನ ಕೂಡಿಕೆ, ಕಂಬದ ಕೆಳಗಿನ ಜಾಯಿಂಟು ಸವೆದರೆ ಹಾಳು ರಸ್ತೆಯಲ್ಲಿ ‘ಟಕ ಟಕ’ ಸದ್ದು ಬರುತ್ತದೆ. ಜಾಯಿಂಟು ತುಕ್ಕು ಹಿಡಿದು ಬಿಗಿಯಾದರೆ ತಿರುವಿನ ನಂತರ ಸ್ಟಿಯರಿಂಗ್ ನಡುವಿಗೆ ಬರದೆ ಅಂಟಿಕೊಂಡಂತೆ ನಿಲ್ಲುತ್ತದೆ.

ಇದೆಲ್ಲಕ್ಕೂ ಮೊದಲು ಟೈರಿನ ಗಾಳಿ ಮತ್ತು ಚಕ್ರಗಳ ಅಲೈನ್‌ಮೆಂಟ್ ನೋಡಬೇಕು. ಕಾರು ಒಂದು ಕಡೆ ಎಳೆಯುತ್ತದೆಂದರೆ ಮೋಟರಿನ ಮೇಲೆ ಅನುಮಾನ ಪಡುವವರು, ಒಂದು ಟೈರಿನಲ್ಲಿ ಗಾಳಿ ಇಳಿದಿರುವುದನ್ನು ನೋಡಿರುವುದಿಲ್ಲ. ವಿಚಿತ್ರವೆಂದರೆ ಹಿಂದೆ ಈ ಸುದ್ದಿಯನ್ನು ಕೈಗೆ ಮುಟ್ಟಿಸುತ್ತಿದ್ದ ಭಾರವನ್ನು ಈಗ ಮೋಟರು ತಾನೇ ನುಂಗಿಕೊಳ್ಳುತ್ತದೆ. ಗಾಳಿ ಕಡಿಮೆಯಿದ್ದರೂ ಸ್ಟಿಯರಿಂಗ್ ಹಗುರವಾಗಿಯೇ ಇರುತ್ತದೆ.

ನೆರವು ನಿಂತ ಗಳಿಗೆ

ವಿದ್ಯುತ್ ಸ್ಟಿಯರಿಂಗಿನ ನಿಜವಾದ ಅಪಾಯ ಕಾರು ತಿರುಗುವುದಿಲ್ಲ ಎಂಬುದಲ್ಲ. ಇದ್ದಕ್ಕಿದ್ದಂತೆ ಭಾರವಾಗುತ್ತದೆ ಎಂಬುದು. ಪವರ್ ಸ್ಟಿಯರಿಂಗ್ ಇಲ್ಲದ ಕಾರಿನಲ್ಲಿ ಬಲ ಉಳಿಸಲೆಂದೇ ಹೆಚ್ಚು ಸುತ್ತುಗಳನ್ನು ಇಟ್ಟಿರುತ್ತಿದ್ದರು. ಮೋಟರಿರುವ ಕಾರಿಗೆ ಆ ಹಂಗಿಲ್ಲದ್ದರಿಂದ ಸುತ್ತು ಕಡಿಮೆ ಇರಬಹುದು. ಆದ್ದರಿಂದ ನೆರವು ನಿಂತ ಕಾರು, ನೆರವೇ ಇಲ್ಲದ ಹಳೆಯ ಕಾರಿಗಿಂತಲೂ ಭಾರ. ವಿಶ್ವಸಂಸ್ಥೆಯ 79ನೆಯ ವಾಹನ ನಿಯಮದ ಪ್ರಕಾರ, ಪರೀಕ್ಷೆಯಲ್ಲಿ ಕಾರಿನ ಸ್ಟಿಯರಿಂಗ್ ಸರಿಯಿದ್ದಾಗ ಬೇಕಾಗುವ ಬಲ 150 ನ್ಯೂಟನ್, ಅಂದರೆ ಸುಮಾರು 15 ಕಿಲೋ ತೂಕದಷ್ಟನ್ನು ಮೀರಬಾರದು. ನೆರವು ಕೆಟ್ಟಾಗ 300 ನ್ಯೂಟನ್‌ವರೆಗೆ ಇರಬಹುದು. ಬೆರಳ ತುದಿಯ ಬಲಕ್ಕೆ ಒಗ್ಗಿಹೋದ ಕೈಗೆ ತಿರುವಿನ ನಡುವೆ ಇಷ್ಟು ಭಾರ ಎದುರಾದರೆ, ‘ಸ್ಟಿಯರಿಂಗ್ ಲಾಕ್ ಆಯಿತು’ ಎಂದೇ ಅನ್ನಿಸುತ್ತದೆ.

ಇದು ಊಹೆಯ ಮಾತಲ್ಲ. 2010ರ ಮಾರ್ಚ್‌ನಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಷೆವ್ರೋಲೆ ಕೋಬಾಲ್ಟ್ ಮತ್ತು ಅದರ ಬಳಗದ ಸುಮಾರು 13 ಲಕ್ಷ ಸಣ್ಣ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಕಾರಣ, ವಿದ್ಯುತ್ ಸ್ಟಿಯರಿಂಗಿನ ನೆರವು ಇದ್ದಕ್ಕಿದ್ದಂತೆ ನಿಲ್ಲುವ ದೋಷ. ನಮ್ಮ ದೇಶದ ಇತ್ತೀಚಿನ ಉದಾಹರಣೆಗಳು ಇನ್ನೊಂದು ಪಾಠ ಹೇಳುತ್ತವೆ. 2023ರ ಜುಲೈನಲ್ಲಿ ಮಾರುತಿ ಸುಜುಕಿ ಎಸ್–ಪ್ರೆಸ್ಸೊ ಮತ್ತು ಈಕೊ ಮಾದರಿಯ 87,599 ವಾಹನಗಳನ್ನು ಕರೆಸಿಕೊಂಡಿದ್ದು ಟೈ ರಾಡಿನಲ್ಲಿ ದೋಷವಿರಬಹುದೆಂದು. 2024ರ ಆಗಸ್ಟ್‌ನಲ್ಲಿ 2,555 ಆಲ್ಟೊ ಕೆ10 ಕಾರುಗಳನ್ನು ಕರೆಸಿಕೊಂಡಿದ್ದು ಸ್ಟಿಯರಿಂಗ್ ಗೇರ್ ಬಾಕ್ಸಿಗಾಗಿ. ಮೋಟರು, ಸೆನ್ಸರು ಎಷ್ಟೇ ಬಂದರೂ ಕೊನೆಗೆ ಚಕ್ರವನ್ನು ಹಿಡಿದಿರುವುದು ಹಳೆಯ ಕಬ್ಬಿಣವೇ. ದೋಷವಿರುವ ವಾಹನಗಳನ್ನು ಕಡ್ಡಾಯವಾಗಿ ಹಿಂದಕ್ಕೆ ಕರೆಸುವ ಅಧಿಕಾರವನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಸರ್ಕಾರಕ್ಕೆ ಕೊಟ್ಟಿದೆ. ಕಂಪನಿಯಿಂದ ಇಂಥ ಪತ್ರವೋ ಸಂದೇಶವೋ ಬಂದಾಗ ‘ನಮ್ಮ ಕಾರು ಚೆನ್ನಾಗಿದೆ’ ಎಂದು ಸುಮ್ಮನಿರುವುದು ಸರಿಯಲ್ಲ. ತಪಾಸಣೆಗೂ ರಿಪೇರಿಗೂ ಮಾಲೀಕರಿಂದ ಹಣ ಪಡೆಯುವಂತಿಲ್ಲ.

ಓಡುವಾಗ ನೆರವು ನಿಂತರೆ ಮಾಡಬೇಕಾದ್ದು ಸರಳ. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿಯಬೇಕು, ವೇಗ ಇಳಿಸಿ ರಸ್ತೆಯ ಅಂಚಿಗೆ ತರಬೇಕು. ಓಡುತ್ತಿರುವಾಗ ಕೀಲಿಯನ್ನು ಹಿಂದಕ್ಕೆ ತಿರುಗಿಸಿ ತೆಗೆದರೆ ಸ್ಟಿಯರಿಂಗ್ ನಿಜವಾಗಿಯೇ ಲಾಕ್ ಆಗಬಹುದು. ಆ ಪ್ರಯೋಗ ಬೇಡ. ಕಾರು ನಿಲ್ಲಿಸಿ ಮತ್ತೆ ಚಾಲು ಮಾಡಿದಾಗ ದೀಪ ಆರಿದರೂ ರೋಗ ವಾಸಿಯಾಯಿತೆಂದು ತಿಳಿಯಬಾರದು. ಅದರ ಗುರುತು ಕಂಪ್ಯೂಟರಿನಲ್ಲಿ ಉಳಿದಿರುತ್ತದೆ, ಓದಿಸಬೇಕು. ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿದ ಕೂಡಲೇ ಸ್ಟಿಯರಿಂಗ್ ದೀಪ ಹೊತ್ತಿ, ಎಂಜಿನ್ ಚಾಲೂ ಆದ ಮೇಲೆ ಆರುತ್ತದೆಯೇ ಎಂದು ನೋಡಬೇಕು. ದೀಪ ಹೊತ್ತುವುದೇ ಇಲ್ಲವೆಂದರೆ ಒಳ್ಳೆಯ ಲಕ್ಷಣವಲ್ಲ.

ಮುಂದಿನ ಹೆಜ್ಜೆ ಆಗಲೇ ಬಿದ್ದಿದೆ. 2013ರಲ್ಲಿ ನಿಸ್ಸಾನ್ ಕಂಪನಿಯ ಇನ್ಫಿನಿಟಿ ಕ್ಯೂ50 ಕಾರು ತಂತಿಯ ಮೂಲಕವೇ ಚಕ್ರ ತಿರುಗಿಸುವ ವ್ಯವಸ್ಥೆಯನ್ನು ತಂದಿತು; ಆದರೆ ಆಪತ್ತಿಗೆಂದು ಕಬ್ಬಿಣದ ಕೊಂಡಿಯನ್ನು ಉಳಿಸಿಕೊಂಡಿತು. 2023ರ ಕೊನೆಗೆ ಗ್ರಾಹಕರ ಕೈ ಸೇರಿದ ಟೆಸ್ಲಾ ಸೈಬರ್‌ಟ್ರಕ್‌ನಲ್ಲಿ ಆ ಕೊಂಡಿಯೂ ಇಲ್ಲ. ಅಲ್ಲಿ ಕೈಗೆ ತಾಕುವ ಪ್ರತಿಯೊಂದು ಕಂಪನವೂ ಯಂತ್ರ ಹುಟ್ಟಿಸಿದ್ದು. ನಮ್ಮ ಸಣ್ಣ ಕಾರುಗಳಿಗೆ ಇದು ಯಾವಾಗ ಬರುವುದೋ, ಬರಲಿ. ಸದ್ಯಕ್ಕೆ ನಮ್ಮ ಚಕ್ರಗಳಿಗೂ ಕೈಗಳಿಗೂ ನಡುವೆ ಒಂದು ಉಕ್ಕಿನ ಸಲಾಕೆ ಉಳಿದಿದೆ, ಮಂದವಾಗಿಯಾದರೂ ಅದು ಸುದ್ದಿ ತರುತ್ತಿದೆ. ತೋಳಿನ ಶ್ರಮ ತಪ್ಪಿದ್ದು ಒಳ್ಳೆಯದೇ ಆಯಿತು. ಆದರೆ ಸುದ್ದಿ ಮೆಲ್ಲಗೆ ಬರುತ್ತಿರುವಾಗ ಕೇಳಿಸಿಕೊಳ್ಳುವವರು ಇನ್ನಷ್ಟು ಕಿವಿಗೊಡಬೇಕು: ವಾರಕ್ಕೊಮ್ಮೆ ಟೈರಿನ ಗಾಳಿ ನೋಡುವುದು, ಮಳೆಯಲ್ಲಿ ಕೈ ಹೇಳುವುದಕ್ಕೆ ಕಾಯದೆ ವೇಗ ಇಳಿಸುವುದು, ಹಳದಿ ದೀಪ ಹೊತ್ತಿದ ದಿನವೇ ಗ್ಯಾರೇಜಿನ ದಾರಿ ಹಿಡಿಯುವುದು. ಕೈಗೆ ತಿಳಿಯುತ್ತಿದ್ದುದನ್ನು ಈಗ ತಲೆಯಿಂದ ತಿಳಿಯಬೇಕಾಗಿದೆ.